ಗಜ್ಜರಿಯಿಂದ ಗುಳಿಗೆಗೆ: ಒಂದು ಭರವಸೆಯ ಚರಿತ್ರೆ

ನಮ್ಮ ಓಣಿಯ ಮೂಲೆಯಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದ ಚಾಚಾ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. 2006ರ ಬೇಸಿಗೆಯಲ್ಲಿ ಅವರ ಅಳಿಯ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟ. ಒಬ್ಬ ಇಬ್ಬರನ್ನು ಸೇರಿಸಿ, ಆ ಇಬ್ಬರು ನಾಲ್ವರನ್ನು ಸೇರಿಸುವ ಸರಪಳಿ ವ್ಯಾಪಾರಕ್ಕೆ ಅವನು ಆಗಷ್ಟೇ ಸದಸ್ಯನಾಗಿದ್ದ. ಡಬ್ಬಿಯ ತುಂಬ ಕಿತ್ತಳೆ ಬಣ್ಣದ ಮೆತ್ತನೆಯ ಗುಳಿಗೆಗಳು. ಬೆಲೆ ಮಾತ್ರ ಚಾಚಾರ ಅಂಗಡಿಯ ಒಂದು ವಾರದ ದುಡಿಮೆಯಷ್ಟು. ಅವರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡವನ್ನು ಕೂಡಿಸಿ ಓದುತ್ತಿದ್ದರು, ಇಂಗ್ಲಿಷ್ ಬರುತ್ತಿರಲಿಲ್ಲ. "ಇದರ ಮೇಲೆ ಏನು ಬರೆದಿದೆ, ಓದಿ ಹೇಳು ಬೇಟಾ" ಎಂದು ಡಬ್ಬಿಯನ್ನು ನಮ್ಮ ಕೈಗೆ ಕೊಟ್ಟರು.

ಬೀಟಾ ಕ್ಯಾರೊಟಿನ್, ನೈಸರ್ಗಿಕ ಆಂಟಿಆಕ್ಸಿಡೆಂಟ್ ಎಂದು ಬರೆದಿತ್ತು. ಆ ಎರಡನೆಯ ಪದ ಆಗ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ದಿನವೂ ಕಾಣುತ್ತಿತ್ತು. ಅದಕ್ಕೆ ಉರ್ದುವಿನಲ್ಲಿ ಏನು ಹೇಳುವುದೋ ಹೊಳೆಯಲಿಲ್ಲ. "ಗಜ್ಜರಿಯ ಸತ್ವವಂತೆ ಚಾಚಾ, ಮೈಗೆ ಜಂಗು ಹಿಡಿಯದ ಹಾಗೆ ತಡೆಯುತ್ತದಂತೆ" ಎಂದೆವು. ಸೈಕಲ್ ರಿಪೇರಿ ಮಾಡುವವರಿಗೆ ಜಂಗಿನ ಕತೆಯನ್ನು ಬಿಡಿಸಿ ಹೇಳಬೇಕಿರಲಿಲ್ಲ. ಅವರ ಮುಖ ಅರಳಿತು. ಹಾಗಾದರೆ ಹೊಗೆ ಒಳಗೆ ಹೋದರೂ ಇದು ಹಿಂದೆಯೇ ಹೋಗಿ ಉಜ್ಜಿ ತೊಳೆಯುತ್ತದೆ ಎಂದು ತಾವೇ ಅರ್ಥ ಮಾಡಿಕೊಂಡು, ಚಹಾದೊಂದಿಗೆ ಒಂದು ಗುಳಿಗೆ ನುಂಗಿ ಬೀಡಿ ಹಚ್ಚಿದರು. ಅಂದಿನಿಂದ ಅದೇ ರೂಢಿಯಾಯಿತು.

ನಾವು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಡಬ್ಬಿಯ ಮೇಲಿದ್ದುದನ್ನೇ ಹೇಳಿದ್ದೆವು. ಆದರೆ ಬೀಡಿ ಸಿಗರೇಟು ಸೇದುವವರಿಗೆ ಆ ಗುಳಿಗೆ ಒಳ್ಳೆಯದನ್ನು ಮಾಡುವುದಿಲ್ಲ, ಕೆಟ್ಟದ್ದನ್ನೇ ಮಾಡಬಹುದು ಎಂಬುದು ಅದಕ್ಕೆ ಹನ್ನೆರಡು ವರ್ಷ ಮೊದಲೇ, 1994ರಲ್ಲಿಯೇ, ಜಗತ್ತಿಗೆ ತಿಳಿದಿತ್ತು. ಸಾವಿರಾರು ಜನರ ಮೇಲೆ, ವರ್ಷಗಟ್ಟಲೆ, ಲೆಕ್ಕವಿಟ್ಟು ತಿಳಿದುಕೊಂಡ ಸಂಗತಿ ಅದು. ಆ ಸುದ್ದಿ ನಮ್ಮ ಓಣಿಗೆ ಬರಲಿಲ್ಲ, ಗುಳಿಗೆ ಬಂತು. ಹೀಗೇಕಾಯಿತು ಎಂದು ಹುಡುಕುತ್ತ ಹೋದಾಗ ನಮಗೆ ಸಿಕ್ಕ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಪದದ ವಿಷಯ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದೆ. ಬಹಳ ದಿನ ಇಟ್ಟ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಬಿಸಿಲಿಗೆ ಬಿಟ್ಟ ಸೈಕಲ್ ಟೈರು ಬಿರುಕು ಬಿಡುತ್ತದೆ. ಇವೆಲ್ಲದರ ಹಿಂದೆ ಇರುವುದು ಗಾಳಿಯಲ್ಲಿನ ಆಮ್ಲಜನಕ. ನಮ್ಮನ್ನು ಬದುಕಿಸುವ ಆಮ್ಲಜನಕವೇ ವಸ್ತುಗಳನ್ನು ಮೆಲ್ಲಗೆ ಕೆಡಿಸುತ್ತದೆ. ಅದನ್ನು ತಡೆಯುವ ರಾಸಾಯನಿಕಗಳನ್ನು ಹುಡುಕಿದವರು ಮೊದಲಿಗೆ ವೈದ್ಯರಲ್ಲ, ರಬ್ಬರು, ಪೆಟ್ರೋಲು, ಕೊಬ್ಬಿನ ಕಾರ್ಖಾನೆಯವರು. ಮೊದಲ ಮಹಾಯುದ್ಧದಲ್ಲಿ ವಿಷಾನಿಲವಾಗಿ ಬಳಸುತ್ತಿದ್ದ ಅಕ್ರೋಲಿನ್ ಕೆಡದಂತೆ ಇಡುವ ಉಪಾಯ ಹುಡುಕುತ್ತಿದ್ದ ಫ್ರಾನ್ಸಿನ ಶಾರ್ಲ್ ಮೂರೂ ಮತ್ತು ಶಾರ್ಲ್ ದ್ಯುಫ್ರೇಸ್ ಎಂಬ ರಸಾಯನ ವಿಜ್ಞಾನಿಗಳು ಚಿಟಿಕೆಯಷ್ಟು ಬೇರೊಂದು ವಸ್ತು ಬೆರೆಸಿದರೆ ಸಾಕು, ಆಮ್ಲಜನಕದ ಆಟ ನಿಲ್ಲುತ್ತದೆ ಎಂದು ಕಂಡುಕೊಂಡರು. 1920ರ ದಶಕದಲ್ಲಿ ಅವರು ಇಂಥ ವಸ್ತುಗಳಿಗೆ 'ಆಮ್ಲಜನಕ ವಿರೋಧಿ' ಎಂಬರ್ಥದ ಹೆಸರಿಟ್ಟರು. ಚಾಚಾರ ಅಂಗಡಿಯಲ್ಲಿ ತೂಗುಹಾಕಿದ್ದ ಟೈರುಗಳಲ್ಲಿಯೂ ಇಂಥ ಆಂಟಿಆಕ್ಸಿಡೆಂಟ್ ಇದ್ದೇ ಇತ್ತು. ಅಂದರೆ ಈ ಪದ ಮನುಷ್ಯನ ಮೈಯನ್ನು ಹೊಕ್ಕುವ ಮೊದಲು ಟೈರಿನಲ್ಲಿತ್ತು.

ಟೈರಿನಿಂದ ಮೈಗೆ ಅದನ್ನು ತಂದವರಲ್ಲಿ ಮುಖ್ಯರು ಡೆನ್ಹಮ್ ಹಾರ್ಮನ್. ಅವರೂ ಎಣ್ಣೆ ಕಂಪೆನಿಯಿಂದಲೇ ಬಂದವರು. ಷೆಲ್ ಕಂಪೆನಿಯಲ್ಲಿ ರಸಾಯನ ವಿಜ್ಞಾನಿಯಾಗಿದ್ದು, ಆಮೇಲೆ ವೈದ್ಯಕೀಯ ಓದಿದರು. ಮನುಷ್ಯ ಏಕೆ ಮುದುಕನಾಗುತ್ತಾನೆ ಎಂಬುದು ಅವರನ್ನು ಕಾಡುತ್ತಿದ್ದ ಪ್ರಶ್ನೆ. ಅಮೆರಿಕದ ಬರ್ಕ್ಲಿಯಲ್ಲಿದ್ದಾಗ, 1954ರಲ್ಲಿ, ಅವರಿಗೊಂದು ಉತ್ತರ ಹೊಳೆಯಿತು. ನಾವು ಉಸಿರಾಡುವ ಆಮ್ಲಜನಕವನ್ನು ಮೈ ಬಳಸಿಕೊಳ್ಳುವಾಗ 'ಫ್ರೀ ರ‍್ಯಾಡಿಕಲ್' ಎಂಬ ಅಪೂರ್ಣ ಕಣಗಳು ಹುಟ್ಟುತ್ತವೆ. ಜೊತೆಯಿರಬೇಕಾದ ಎಲೆಕ್ಟ್ರಾನ್ ಒಂದು ಕಡಿಮೆಯಿರುವುದರಿಂದ ಇವು ಪಕ್ಕದ ಅಣುವಿನಿಂದ ಅದನ್ನು ಕಿತ್ತುಕೊಳ್ಳುತ್ತವೆ. ಕಿತ್ತುಕೊಳ್ಳಿಸಿಕೊಂಡದ್ದು ಇನ್ನೊಂದರ ಮೇಲೆ ಬೀಳುತ್ತದೆ. ಈ ಕಿತ್ತಾಟದ ಗಾಯಗಳು ವರ್ಷಗಳುದ್ದಕ್ಕೂ ಸೇರಿಕೊಂಡು ಮುಪ್ಪಾಗುತ್ತದೆ ಎಂಬುದು ಅವರು 1956ರಲ್ಲಿ ಪ್ರಕಟಿಸಿದ ಸಿದ್ಧಾಂತ. ವಿಕಿರಣದಿಂದಾಗುವ ಹಾನಿಯೂ ಆಮ್ಲಜನಕದಿಂದಾಗುವ ಹಾನಿಯೂ ಒಂದೇ ಬಗೆಯವು ಎಂದು ಅರ್ಜೆಂಟೀನಾದಿಂದ ಬಂದಿದ್ದ ರೆಬೆಕಾ ಗೆರ್ಷ್‌ಮನ್ ಎಂಬ ವಿಜ್ಞಾನಿ 1954ರಲ್ಲಿಯೇ ತೋರಿಸಿದ್ದರು. ಆಕೆಯ ಹೆಸರು ಈಗ ಯಾರ ನಾಲಿಗೆಯ ಮೇಲೂ ಇಲ್ಲ.

ಹಾರ್ಮನ್ ಇಲಿಗಳಿಗೆ ಆಂಟಿಆಕ್ಸಿಡೆಂಟ್ ತಿನ್ನಿಸಿ ನೋಡಿದರು. ಇಲಿಗಳ ಸರಾಸರಿ ಆಯಸ್ಸು ಕೊಂಚ ಹೆಚ್ಚಿತು, ಗರಿಷ್ಠ ಆಯಸ್ಸು ಹೆಚ್ಚಲಿಲ್ಲ. ಬಹಳ ದಿನ ಈ ಸಿದ್ಧಾಂತಕ್ಕೆ ಯಾರೂ ಕಿವಿಗೊಡಲಿಲ್ಲ. 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಎಂಬವರು, ಇಂಥ ಕಣಗಳನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದು ನಮ್ಮ ಮೈಯೊಳಗೇ ಇದೆಯೆಂದು ಕಂಡುಹಿಡಿದ ಮೇಲೆ ಎಲ್ಲರೂ ತಿರುಗಿ ನೋಡಿದರು. ಮೈಗೆ ಜಂಗು ಹಿಡಿಯುತ್ತದೆ ಎಂಬ ನಮ್ಮ ಅನುವಾದ ಅಷ್ಟೇನೂ ತಪ್ಪಿರಲಿಲ್ಲ ನೋಡಿ. ತಪ್ಪಿದ್ದುದು ಮುಂದಿನ ಹೆಜ್ಜೆಯಲ್ಲಿ, ಅಂದರೆ ಮೇಲಿಂದ ಎಣ್ಣೆ ಬಿಟ್ಟರೆ ಜಂಗು ಹೋಗುತ್ತದೆ ಎಂಬ ಊಹೆಯಲ್ಲಿ.

ಇನ್ನು ಕ್ಯಾರೊಟಿನ್. ಗಜ್ಜರಿಗೆ ಆ ಬಣ್ಣ ಕೊಡುವ ವಸ್ತುವನ್ನು ಜರ್ಮನಿಯ ವಾಕೆನ್‌ರೋಡರ್ 1831ರಲ್ಲಿ ಬೇರ್ಪಡಿಸಿದರು. ಹೆಸರು ಬಂದದ್ದೂ ಗಜ್ಜರಿಯಿಂದಲೇ. ನೂರು ವರ್ಷ ಅದು ಬರೀ ಬಣ್ಣವಾಗಿಯೇ ಉಳಿಯಿತು. 1930ರಲ್ಲಿ ಇಂಗ್ಲೆಂಡಿನ ಥಾಮಸ್ ಮೂರ್, ಮೈಯೊಳಗೆ ಹೋದ ಕ್ಯಾರೊಟಿನ್ ವಿಟಮಿನ್ 'ಎ' ಆಗಿ ಬದಲಾಗುತ್ತದೆ ಎಂದು ಇಲಿಗಳಲ್ಲಿ ತೋರಿಸಿಕೊಟ್ಟರು. ಅದರ ರಚನೆಯನ್ನು ಬಿಡಿಸಿದ ಸ್ವಿಟ್ಜರ್ಲೆಂಡಿನ ಪಾಲ್ ಕಾರರ್ ಅವರಿಗೆ 1937ರಲ್ಲಿ ನೊಬೆಲ್ ಬಂತು. 1950ರ ದಶಕದಲ್ಲಿ ಅದನ್ನು ಗಜ್ಜರಿಯ ಹಂಗಿಲ್ಲದೆ ಕಾರ್ಖಾನೆಯಲ್ಲಿಯೇ ತಯಾರಿಸತೊಡಗಿದರು.

ಈ ವಸ್ತುವನ್ನು ನಾವು ಹಗುರಾಗಿ ಕಾಣುತ್ತಿದ್ದೇವೆಂದು ಓದುಗರು ತಿಳಿಯಬಾರದು. ವಿಟಮಿನ್ 'ಎ' ಇಲ್ಲದ ಮಕ್ಕಳಿಗೆ ಮೊದಲು ಇರುಳುಗುರುಡು ಬರುತ್ತದೆ, ಆಮೇಲೆ ಕಣ್ಣಿನ ಕರಿಗುಡ್ಡೆಯೇ ಕರಗಿ ಹೋಗುತ್ತದೆ. ನಮ್ಮ ದೇಶದಲ್ಲಿ ಹೀಗೆ ದೃಷ್ಟಿ ಕಳೆದುಕೊಂಡ ಮಕ್ಕಳು ಎಷ್ಟಿದ್ದರೆಂದರೆ, 1970ರಲ್ಲಿ ಕೇಂದ್ರ ಸರ್ಕಾರ ಚಿಕ್ಕ ಮಕ್ಕಳಿಗೆ ವಿಟಮಿನ್ 'ಎ' ದ್ರಾವಣ ಕುಡಿಸುವ ಕಾರ್ಯಕ್ರಮವನ್ನೇ ಶುರುಮಾಡಬೇಕಾಯಿತು. ಅಂಗನವಾಡಿಯಲ್ಲಿ ಬಾಯಿಗೆ ಸುರಿಯುವ ಆ ಹಳದಿ ದ್ರಾವಣ ಅದೆಷ್ಟೋ ಕಣ್ಣುಗಳನ್ನು ಉಳಿಸಿದೆ. ನುಗ್ಗೆಸೊಪ್ಪು, ಪಪ್ಪಾಯಿ, ಗಜ್ಜರಿ ತಿನ್ನಿಸಿ ಎಂದು ದಾದಿಯರು ಹೇಳುವುದೂ ಇದೇ ಕ್ಯಾರೊಟಿನ್‌ಗಾಗಿ. ಇಲ್ಲದವನಿಗೆ ಕೊಟ್ಟಾಗ ಅದು ಔಷಧಿ. ಸಾಕಷ್ಟು ಇದ್ದವನಿಗೆ ಇನ್ನಷ್ಟು ಕೊಟ್ಟರೆ ಇನ್ನಷ್ಟು ಒಳ್ಳೆಯದಾಗುತ್ತದೆಯೇ? ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕೋಟಿಗಟ್ಟಲೆ ಡಾಲರು ನಿಂತದ್ದು ಈ ಒಂದು ಪ್ರಶ್ನೆಯ ಮೇಲೆ.

ಆಗುತ್ತದೆ ಎಂದು ಗಟ್ಟಿಯಾಗಿ ಕೂಗಿದವರು ಲೈನಸ್ ಪೌಲಿಂಗ್. ರಸಾಯನ ವಿಜ್ಞಾನಕ್ಕೆ ಒಂದು, ಶಾಂತಿಗೆ ಒಂದು, ಹೀಗೆ ಎರಡು ನೊಬೆಲ್ ಪಡೆದವರು. 1970ರಲ್ಲಿ ಅವರು ನೆಗಡಿಗೆ ವಿಟಮಿನ್ 'ಸಿ' ಎಂಬ ಪುಸ್ತಕ ಬರೆದದ್ದೇ ತಡ, ಅಮೆರಿಕದ ಔಷಧಿ ಅಂಗಡಿಗಳು ಖಾಲಿಯಾದವು. ಮುಂದೆ ಕ್ಯಾನ್ಸರಿಗೂ ಅದೇ ಮದ್ದು ಎಂದರು. ಅಮೆರಿಕದ ಮೇಯೊ ಕ್ಲಿನಿಕ್‌ನವರು ಪರೀಕ್ಷಿಸಿ, 1979ರಲ್ಲಿಯೂ 1985ರಲ್ಲಿಯೂ ಪ್ರಯೋಜನ ಕಾಣಲಿಲ್ಲ ಎಂದು ವರದಿ ಕೊಟ್ಟರು. ಪೌಲಿಂಗ್ ಒಪ್ಪಲಿಲ್ಲ, ಜನರೂ ಒಪ್ಪಲಿಲ್ಲ. ಎರಡು ನೊಬೆಲ್ ಪಡೆದವರ ಮಾತನ್ನು ಯಾರು ತಾನೆ ತೆಗೆದುಹಾಕುತ್ತಾರೆ?

ಕ್ಯಾರೊಟಿನ್ ವಿಷಯದಲ್ಲಿ ವಿಜ್ಞಾನಿಗಳು ಇಷ್ಟು ಆತುರಪಡಲಿಲ್ಲ ಎಂಬುದನ್ನು ಹೇಳಲೇಬೇಕು. 1975ರಲ್ಲಿ ನಾರ್ವೆಯ ಬೆಲ್ಕೆ ಎಂಬವರು, ವಿಟಮಿನ್ 'ಎ' ಇರುವ ಆಹಾರ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ತೋರಿಸಿದರು. 1981ರಲ್ಲಿ ಷಿಕಾಗೊ ಬಳಿಯ ವಿದ್ಯುತ್ ಉಪಕರಣ ಕಾರ್ಖಾನೆಯೊಂದರ ಕೆಲಸಗಾರರನ್ನು 19 ವರ್ಷ ಗಮನಿಸಿದ ಅಧ್ಯಯನ ಬಂತು. ಹಣ್ಣು ತರಕಾರಿಗಳಿಂದ ಕ್ಯಾರೊಟಿನ್ ಹೆಚ್ಚು ಪಡೆದವರಲ್ಲಿ, ಸಿಗರೇಟು ಸೇದುವವರಲ್ಲಿಯೂ ಕೂಡ, ಆ ಕ್ಯಾನ್ಸರ್ ಕಡಿಮೆಯಿತ್ತು. ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಇಂಗ್ಲೆಂಡಿನ ರಿಚರ್ಡ್ ಪೀಟೊ, ರಿಚರ್ಡ್ ಡಾಲ್ ಮತ್ತಿತರರು ಒಂದು ಲೇಖನ ಬರೆದರು. ಹೊಗೆಸೊಪ್ಪಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಜಗತ್ತಿಗೆ ಸಾಬೀತು ಮಾಡಿಕೊಟ್ಟವರಲ್ಲಿ ಈ ಡಾಲ್ ಮೊದಲಿಗರು. ಆಹಾರದಲ್ಲಿನ ಬೀಟಾ ಕ್ಯಾರೊಟಿನ್ ಮನುಷ್ಯರ ಕ್ಯಾನ್ಸರನ್ನು ಕಡಿಮೆ ಮಾಡಬಲ್ಲುದೇ ಎಂದು ಲೇಖನದ ಶೀರ್ಷಿಕೆಯೇ ಪ್ರಶ್ನೆಯಾಗಿತ್ತು. ಮಾಡುತ್ತದೆ ಎಂದು ಅವರು ಬರೆಯಲಿಲ್ಲ, ಪರೀಕ್ಷಿಸಿ ನೋಡಿ ಎಂದರು. ಏಕೆಂದರೆ ಸೊಪ್ಪು ಹಣ್ಣು ತಿನ್ನುವವನು ಬೇರೆ ವಿಷಯಗಳಲ್ಲಿಯೂ ಬೇರೆಯವನೇ ಇರುತ್ತಾನೆ. ಕೈಯಲ್ಲಿ ನಾಲ್ಕು ಕಾಸು ಇದ್ದವನು, ಕಡಿಮೆ ಕುಡಿಯುವವನು, ಎರಡು ಸಿಗರೇಟು ಕಡಿಮೆ ಸೇದುವವನು. ಅವನನ್ನು ಕಾಪಾಡಿದ್ದು ಕ್ಯಾರೊಟಿನ್ನೋ ಇನ್ನೊಂದೋ ಎಂದು ಹೊರಗಿನಿಂದ ನೋಡಿ ಹೇಳಲಾಗದು.

ಪರೀಕ್ಷೆಗೆ ಸಿಕ್ಕ ದೇಶ ಫಿನ್‌ಲ್ಯಾಂಡ್. ಅಲ್ಲಿನ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಹಳವಿತ್ತು. ಜೊತೆಗೆ ಇಡೀ ದೇಶದ ಪ್ರತಿಯೊಂದು ಕ್ಯಾನ್ಸರ್ ಪ್ರಕರಣವನ್ನೂ ಬರೆದಿಡುವ ದಾಖಲೆ ವ್ಯವಸ್ಥೆ 1953ರಿಂದಲೂ ಅಲ್ಲಿತ್ತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸೇರಿ 1985ರಲ್ಲಿ ಕೆಲಸ ಆರಂಭಿಸಿದವು. ದೇಶದ ನೈಋತ್ಯ ಭಾಗದ, 50ರಿಂದ 69 ವಯಸ್ಸಿನ, ಸಿಗರೇಟು ಸೇದುವ 29,133 ಗಂಡಸರು ಒಪ್ಪಿ ಬಂದರು. ಸರಾಸರಿ ಲೆಕ್ಕದಲ್ಲಿ ಪ್ರತಿಯೊಬ್ಬರೂ ದಿನಕ್ಕೆ 20 ಸಿಗರೇಟಿನಂತೆ 36 ವರ್ಷ ಸೇದಿದವರು. ನಮ್ಮ ಚಾಚಾರಂಥವರೇ ಎನ್ನಿ, ಬೀಡಿಯ ಜಾಗದಲ್ಲಿ ಸಿಗರೇಟು, ಅಷ್ಟೇ ವ್ಯತ್ಯಾಸ.

ಅವರನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಒಂದಕ್ಕೆ 50 ಮಿಲಿಗ್ರಾಂ ವಿಟಮಿನ್ 'ಇ', ಒಂದಕ್ಕೆ ಎರಡೂ, ಇನ್ನೊಂದಕ್ಕೆ ಏನೂ ಇಲ್ಲದ ಹುಸಿ ಗುಳಿಗೆ. ಯಾರು ಯಾವುದನ್ನು ನುಂಗುತ್ತಿದ್ದಾರೆಂದು ನುಂಗುವವರಿಗೂ ಗೊತ್ತಿಲ್ಲ, ನೋಡಿಕೊಳ್ಳುವ ವೈದ್ಯರಿಗೂ ಗೊತ್ತಿಲ್ಲ. ಇಂಥ ಹೋಲಿಕೆಯ ಗುಂಪು ಇಡುವ ಕ್ರಮ ಆಧುನಿಕರದೇ ಸೊತ್ತು ಎಂದು ಹಲವರು ತಿಳಿದಿದ್ದಾರೆ. 925ರಲ್ಲಿ ತೀರಿಕೊಂಡ ಹಕೀಮ್ ರಾಜಿ, ಮೆದುಳಿನ ಉರಿಯೂತದ ಲಕ್ಷಣವಿದ್ದ ಒಂದು ಗುಂಪಿನ ರೋಗಿಗಳಿಗೆ ರಕ್ತ ತೆಗೆದು, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು, ಏನಾಗುತ್ತದೆಂದು ನೋಡಿದ್ದನ್ನು ತಮ್ಮ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾರೆ. ಫಿನ್‌ಲ್ಯಾಂಡಿನವರು ಅದನ್ನು ಸಾವಿರಾರು ಪಟ್ಟು ಹಿಗ್ಗಿಸಿ, ಚೀಟಿ ಎತ್ತುವ ನ್ಯಾಯವನ್ನೂ ಸೇರಿಸಿಕೊಂಡರು.

ಐದರಿಂದ ಎಂಟು ವರ್ಷ ಆ ಜನ ದಿನವೂ ಗುಳಿಗೆ ನುಂಗಿದರು. 1994ರ ಏಪ್ರಿಲ್ ತಿಂಗಳಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟು 876 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ಕ್ಯಾರೊಟಿನ್ ನುಂಗಿದವರಲ್ಲಿ 474, ನುಂಗದವರಲ್ಲಿ 402. ಅಂದರೆ ಕ್ಯಾನ್ಸರನ್ನು ತಡೆಯಬೇಕಾಗಿದ್ದ ಗುಳಿಗೆಯನ್ನು ತಿಂದವರಲ್ಲಿ ಶೇ. 18ರಷ್ಟು ಹೆಚ್ಚು. ಒಟ್ಟು ಸಾವುಗಳೂ ಶೇ. 8ರಷ್ಟು ಹೆಚ್ಚು. ವಿಟಮಿನ್ 'ಇ' ಶ್ವಾಸಕೋಶವನ್ನು ಕಾಪಾಡಲೂ ಇಲ್ಲ, ಕೆಡಿಸಲೂ ಇಲ್ಲ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದು. ಪರೀಕ್ಷೆ ಶುರುವಾಗುವ ಮೊದಲು ಈ ಗಂಡಸರ ರಕ್ತವನ್ನು ಪರೀಕ್ಷಿಸಿ, ಅವರು ಏನು ತಿನ್ನುತ್ತಾರೆಂದು ಕೇಳಿ ಬರೆದುಕೊಂಡಿದ್ದರು. ಊಟದಿಂದಲೇ ಕ್ಯಾರೊಟಿನ್ ಹೆಚ್ಚು ಪಡೆಯುತ್ತಿದ್ದವರಿಗೆ, ರಕ್ತದಲ್ಲಿ ಅದು ಮೊದಲೇ ಹೆಚ್ಚಿದ್ದವರಿಗೆ, ಕ್ಯಾನ್ಸರ್ ಕಡಿಮೆಯೇ ಬಂದಿತ್ತು! ಹಳೆಯ ಅಧ್ಯಯನಗಳು ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ಊರು, ಅದೇ ಜನ, ಅದೇ ಹೊಗೆ. ಗಜ್ಜರಿ ತಿಂದವನಲ್ಲಿ ಒಂದು ಫಲ, ಗಜ್ಜರಿಯ 'ಸತ್ವ' ನುಂಗಿದವನಲ್ಲಿ ಇನ್ನೊಂದು ಫಲ.

ಯಾರೂ ನಂಬಲಿಲ್ಲ. ಆಕಸ್ಮಿಕವಿರಬೇಕು ಎಂದರು ಕೆಲವರು. ಆದರೆ ಅಮೆರಿಕದ ಸಿಯಾಟಲ್‌ನಲ್ಲಿ ಇನ್ನೊಂದು ಪರೀಕ್ಷೆ ಆಗಲೇ ನಡೆಯುತ್ತಿತ್ತು. ಗಿಲ್ಬರ್ಟ್ ಓಮೆನ್ ಅವರ ನೇತೃತ್ವದಲ್ಲಿ 18,314 ಮಂದಿಗೆ, ಸಿಗರೇಟು ಸೇದುವವರು, ಬಿಟ್ಟವರು ಮತ್ತು ಕಲ್ನಾರಿನ ದೂಳಿನಲ್ಲಿ ದುಡಿದವರಿಗೆ, 30 ಮಿಲಿಗ್ರಾಂ ಕ್ಯಾರೊಟಿನ್ ಜೊತೆಗೆ ವಿಟಮಿನ್ 'ಎ' ಕೊಡುತ್ತಿದ್ದರು. ಅಲ್ಲಿಯೂ ಲೆಕ್ಕ ಅದೇ ದಿಕ್ಕಿಗೆ ಹೋಗುತ್ತಿತ್ತು. ಕ್ಯಾನ್ಸರ್ ಶೇ. 28 ಹೆಚ್ಚು, ಸಾವು ಶೇ. 17 ಹೆಚ್ಚು. 1996ರ ಜನವರಿಯಲ್ಲಿ, ಮುಗಿಯಲು ಇನ್ನೂ 21 ತಿಂಗಳಿರುವಾಗಲೇ, ಗುಳಿಗೆ ಕೊಡುವುದನ್ನು ನಿಲ್ಲಿಸಿಬಿಟ್ಟರು. ಅದೇ ಹೊತ್ತಿಗೆ 22,071 ಅಮೆರಿಕನ್ ವೈದ್ಯರು ತಾವೇ ಹನ್ನೆರಡು ವರ್ಷ ಕ್ಯಾರೊಟಿನ್ ಅಥವಾ ಹುಸಿ ಗುಳಿಗೆ ನುಂಗಿ ನೋಡಿದ ಪರೀಕ್ಷೆಯ ಫಲಿತಾಂಶವೂ ಬಂತು. ಅವರಲ್ಲಿ ಸಿಗರೇಟು ಸೇದುವವರು ಕಡಿಮೆ. ಕ್ಯಾರೊಟಿನ್‌ನಿಂದ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ.

ಈ ಜನರ ಬಗ್ಗೆ ಯೋಚಿಸಿದಾಗಲೆಲ್ಲ ನಮಗೆ ಗೌರವ ಮೂಡುತ್ತದೆ. ಹತ್ತು ವರ್ಷ ಒಂದು ಭರವಸೆಯ ಹಿಂದೆ ಬಿದ್ದವರು, ಅದು ಸುಳ್ಳಾದಾಗ ಲೆಕ್ಕವನ್ನು ಮುಚ್ಚಿಡದೆ, ಒಪ್ಪಿಕೊಂಡು ಬಂದವರಿಗೆ ತಿಳಿಸಿ, ಅಚ್ಚು ಹಾಕಿಸಿದರು. ಫಿನ್‌ಲ್ಯಾಂಡಿನವರು ಆಮೇಲೆಯೂ ಆ ಗಂಡಸರನ್ನು ಕೈಬಿಡಲಿಲ್ಲ. ಗುಳಿಗೆ ನಿಂತು ನಾಲ್ಕರಿಂದ ಆರು ವರ್ಷಗಳಲ್ಲಿ ಹೆಚ್ಚುವರಿ ಅಪಾಯ ಮರೆಯಾಯಿತು ಎಂದು 2003ರಲ್ಲಿ ವರದಿ ಮಾಡಿದರು.

ಕಾರಣವೇನು? ಒಂದೇ ಮಾತಿನಲ್ಲಿ ಹೇಳಲು ಬಾರದು. 1999ರಲ್ಲಿ ಬೋಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದವರು ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿಗಳಿಗೆ ಕ್ಯಾರೊಟಿನ್ ತಿನ್ನಿಸಿ ಸಿಗರೇಟಿನ ಹೊಗೆಯಲ್ಲಿ ಇಟ್ಟರು. ಕ್ಯಾರೊಟಿನ್ ಅತಿಯಾಗಿ ತುಂಬಿದ್ದ ಶ್ವಾಸಕೋಶದಲ್ಲಿ ಹೊಗೆ ಆ ಕ್ಯಾರೊಟಿನ್ನನ್ನೇ ಮುರಿದುಹಾಕಿತ್ತು. ಮುರಿದ ಚೂರುಗಳು ಕಾಪಾಡುವ ಬದಲು ಜೀವಕೋಶಗಳನ್ನು ಕೆಡಿಸುವ ಕಡೆಗೆ ತಿರುಗಿದ್ದವು. ಅದಕ್ಕೂ ಮೊದಲು ಇಲಿಗಳ ಮೇಲೆ ನಡೆದ ಎಷ್ಟೋ ಪ್ರಯೋಗಗಳು ಕ್ಯಾರೊಟಿನ್ ಒಳ್ಳೆಯದೆಂದೇ ಹೇಳಿದ್ದವು. ಇಬ್ನ್ ಸೀನಾ ತಮ್ಮ 'ಕಾನೂನ್' ಗ್ರಂಥದ ಎರಡನೆಯ ಭಾಗದಲ್ಲಿ ಔಷಧಿ ಪರೀಕ್ಷಿಸುವ ನಿಯಮಗಳನ್ನು ಕೊಡುತ್ತ, ಕೊನೆಯ ಪರೀಕ್ಷೆ ಮನುಷ್ಯನ ಮೈಯಲ್ಲೇ ಆಗಬೇಕು, ಸಿಂಹಕ್ಕೋ ಕುದುರೆಗೋ ಕೊಟ್ಟು ನೋಡಿದ್ದು ಮನುಷ್ಯನಿಗೆ ಅನ್ವಯಿಸದೆ ಹೋಗಬಹುದು ಎಂದು ಎಚ್ಚರಿಸಿದ್ದು ಇಲ್ಲಿ ನೆನಪಾಗುತ್ತದೆ.

ಇನ್ನೊಂದು ಕಾರಣ ಜಂಗಿನ ಹೋಲಿಕೆಯಲ್ಲೇ ಅಡಗಿದೆ. ಸೈಕಲ್ಲಿಗೆ ಜಂಗು ಶುದ್ಧ ಶತ್ರು. ಮೈಗೆ ಹಾಗಲ್ಲ. ಒಳಗೆ ನುಗ್ಗಿದ ರೋಗಾಣುವನ್ನು ನಮ್ಮ ಬಿಳಿ ರಕ್ತಕಣಗಳು ಸುಟ್ಟುಹಾಕುವುದು ಇದೇ ಫ್ರೀ ರ‍್ಯಾಡಿಕಲ್‌ಗಳಂಥ ಕಣಗಳಿಂದ. ಕೆಟ್ಟುಹೋದ ಜೀವಕೋಶ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳಲು ಬೇಕಾದ ಸೂಚನೆಯೂ ಕೆಲವೊಮ್ಮೆ ಇವುಗಳಿಂದಲೇ ಸಿಗುತ್ತದೆ. 2009ರಲ್ಲಿ ಜರ್ಮನಿಯ ಮಿಖಾಯೆಲ್ ರಿಸ್ಟೊ ಮತ್ತು ಸಂಗಡಿಗರು ಯುವಕರಿಗೆ ವ್ಯಾಯಾಮ ಮಾಡಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ವಿಟಮಿನ್ 'ಸಿ' ಮತ್ತು 'ಇ' ಕೊಟ್ಟರು. ಸಕ್ಕರೆಯನ್ನು ಹತೋಟಿಯಲ್ಲಿಡಲು ವ್ಯಾಯಾಮದಿಂದ ಸಿಗಬೇಕಾದ ಲಾಭ ವಿಟಮಿನ್ ತಿಂದವರಿಗೆ ಸಿಗಲೇ ಇಲ್ಲ. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು, ಶ್ವಾಸಕೋಶದ ಕ್ಯಾನ್ಸರ್ ಮೊಳೆತ ಇಲಿಗಳಿಗೆ ಆಂಟಿಆಕ್ಸಿಡೆಂಟ್ ಕೊಟ್ಟಾಗ ಗೆಡ್ಡೆ ಇನ್ನೂ ಬೇಗ ಬೆಳೆಯಿತು ಎಂದು ತೋರಿಸಿದರು. ಗುಳಿಗೆ ಕಾಪಾಡಿತ್ತು, ಕಾಪಾಡಿದ್ದು ಕ್ಯಾನ್ಸರ್ ಕೋಶವನ್ನು.

ಎದುರು ಸಾಕ್ಷಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಚೀನಾದ ಲಿನ್‌ಷಿಯನ್ ಎಂಬ ಬಡ ಪ್ರದೇಶದಲ್ಲಿ ಸುಮಾರು 30,000 ಜನರಿಗೆ ಐದು ವರ್ಷ ಕ್ಯಾರೊಟಿನ್, ವಿಟಮಿನ್ 'ಇ', ಸೆಲೆನಿಯಂ ಕೂಡಿಸಿ ಕೊಟ್ಟಾಗ ಸಾವುಗಳು ಶೇ. 9ರಷ್ಟು ಇಳಿದವು ಎಂದು 1993ರಲ್ಲಿ ವರದಿಯಾಯಿತು. ಅಲ್ಲಿನವರ ಊಟದಲ್ಲಿ ಇವುಗಳ ಕೊರತೆಯಿತ್ತು, ಕೊರತೆ ತುಂಬಿತು. ನಮ್ಮ ನೆರೆಯ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು, ಕ್ಯಾನ್ಸರ್ ಆಗಿ ತಿರುಗಬಹುದಾದ ಬಿಳಿ ಮಚ್ಚೆಗಳು ಬಾಯಿಯಲ್ಲಿ ಕಾಣಿಸಿಕೊಂಡವರಿಗೆ ಒಂದು ವರ್ಷ ಕ್ಯಾರೊಟಿನ್ ಕೊಟ್ಟು 1997ರಲ್ಲಿ ಪ್ರಕಟಿಸಿದರು. ಮೂವರಲ್ಲಿ ಒಬ್ಬರಿಗೆ ಮಚ್ಚೆ ಪೂರ್ತಿ ಮಾಯವಾಯಿತು, ಹುಸಿ ಗುಳಿಗೆಯವರಲ್ಲಿ ಹತ್ತರಲ್ಲಿ ಒಬ್ಬರಿಗೆ. ಆದರೆ ಗುಳಿಗೆ ನಿಲ್ಲಿಸಿದ ಮೇಲೆ ಗುಣವಾದವರಲ್ಲಿ ಅರ್ಧದಷ್ಟು ಜನರಿಗೆ ಮಚ್ಚೆ ಮರಳಿ ಬಂತು. ಕಣ್ಣಿನ ಅಕ್ಷಿಪಟಲ ಸವೆಯುವ ಮುದಿವಯಸ್ಸಿನ ಕಾಯಿಲೆಯಲ್ಲಿಯೂ ಒಂದು ಬಗೆಯ ಮಿಶ್ರಣ ಉಪಯೋಗವೆಂದು 2001ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಆ ಮಿಶ್ರಣದಿಂದಲೂ 2013ರ ನಂತರ ಕ್ಯಾರೊಟಿನ್ನನ್ನು ತೆಗೆದು ಲೂಟಿನ್ ಮತ್ತು ಜೀಯಾಕ್ಸಾಂಥಿನ್ ಸೇರಿಸಿದ್ದಾರೆ, ಸಿಗರೇಟು ಸೇದಿದವರಿಗೆ ಅಪಾಯವೆಂಬ ಕಾರಣಕ್ಕಾಗಿಯೇ.

ಇಷ್ಟೆಲ್ಲ ತಿಳಿದ ಮೇಲೂ ಆ ಡಬ್ಬಿ 2006ರಲ್ಲಿ ನಮ್ಮ ಓಣಿಗೆ ಬಂದದ್ದು ಹೇಗೆ? ಫಿನ್‌ಲ್ಯಾಂಡಿನ ವರದಿ ಬಂದ 1994ರ ಅಕ್ಟೋಬರಿನಲ್ಲಿಯೇ ಅಮೆರಿಕ ಒಂದು ಕಾನೂನು ಮಾಡಿತು. ಇಂಥ ಗುಳಿಗೆಗಳನ್ನು ಔಷಧಿಯೆಂದಲ್ಲ, ಪೂರಕ ಆಹಾರವೆಂದು ಮಾರಿದರೆ, ಗುಣವಿದೆಯೆಂದು ಮೊದಲೇ ಸಾಬೀತು ಮಾಡಬೇಕಾಗಿಲ್ಲ. ವ್ಯಾಪಾರ ಜಗತ್ತಿನಾದ್ಯಂತ ಹಬ್ಬಿತು. ಅದೇ ವರ್ಷದ ಆಗಸ್ಟಿನಲ್ಲಿ ಪೌಲಿಂಗ್ 93ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಕಾರ್ಖಾನೆಯ ಕ್ಯಾರೊಟಿನ್ ಕೆಟ್ಟದ್ದು, ನಮ್ಮದು ಪಾಚಿಯಿಂದ ತೆಗೆದ ನೈಸರ್ಗಿಕ ಕ್ಯಾರೊಟಿನ್ ಎಂದು ಮಾರುವವರೂ ಬಂದರು. ಅದನ್ನು ಫಿನ್‌ಲ್ಯಾಂಡಿನಂತೆ ಪರೀಕ್ಷಿಸಿ ಕ್ಯಾನ್ಸರ್ ತಡೆಯುತ್ತದೆಂದು ಸಾಬೀತು ಮಾಡಿದವರು ಯಾರೂ ಇಲ್ಲ. ಯಾವ ಹಣ್ಣಿನಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿಯಿದೆ ಎಂದು ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿದ್ದ ಪಟ್ಟಿಯನ್ನು, ಗುಳಿಗೆ ಮಾರುವವರು ದುರ್ಬಳಕೆ ಮಾಡುತ್ತಿದ್ದಾರೆಂದು 2012ರಲ್ಲಿ ಇಲಾಖೆಯೇ ಹಿಂದಕ್ಕೆ ಪಡೆಯಿತು. ಪ್ರನಾಳದಲ್ಲಿ ಅಳೆದ ಶಕ್ತಿಗೂ ಮೈಯಲ್ಲಿ ಆಗುವುದಕ್ಕೂ ಸಂಬಂಧವಿಲ್ಲ ಎಂದಿತು. ಕ್ಯಾನ್ಸರ್ ಮತ್ತು ಹೃದ್ರೋಗ ತಡೆಯಲೆಂದು ಬೀಟಾ ಕ್ಯಾರೊಟಿನ್ ಆಗಲಿ ವಿಟಮಿನ್ 'ಇ' ಆಗಲಿ ತಿನ್ನಬೇಡಿ ಎಂದು ಅಲ್ಲಿನ ತಜ್ಞರ ಸಮಿತಿ 2014ರಲ್ಲಿಯೂ 2022ರಲ್ಲಿಯೂ ಸ್ಪಷ್ಟವಾಗಿ ಹೇಳಿದೆ.

ಚಾಚಾ 2011ರಲ್ಲಿ ತೀರಿಕೊಂಡರು, ಶ್ವಾಸಕೋಶದ ಕ್ಯಾನ್ಸರಿನಿಂದ. ಗುಳಿಗೆಯಿಂದಲೇ ಹೀಗಾಯಿತು ಎಂದು ನಾವು ಹೇಳಲಾರೆವು. ನಲವತ್ತು ವರ್ಷದ ಬೀಡಿಗೆ ಇನ್ನೊಬ್ಬರ ಸಹಾಯ ಬೇಕಾಗಿರಲಿಲ್ಲ. ಆದರೆ ಆ ಡಬ್ಬಿ ಬರುವ ಮೊದಲಿನ ರಂಜಾನಿನಲ್ಲಿ ಅವರು ಬೀಡಿಯನ್ನು ಅರ್ಧಕ್ಕಿಳಿಸಿ, ಹಬ್ಬದ ನಂತರವೂ ಹಾಗೆಯೇ ಕೆಲವು ತಿಂಗಳು ನಡೆಸಿದ್ದರು. ಡಬ್ಬಿ ಬಂದ ಮೇಲೆ ಮತ್ತೆ ಎರಡು ಕಟ್ಟು. ತೊಳೆಯುವವನೊಬ್ಬ ಒಳಗಿದ್ದಾನೆಂಬ ಧೈರ್ಯ. ಆ ಧೈರ್ಯವನ್ನು ಅವರ ಭಾಷೆಯಲ್ಲಿ ಅವರಿಗೆ ಕೊಟ್ಟವರು ನಾವು.

ಅಳಿಯ ಈಗ ಬೇರೊಂದು ಸರಪಳಿಯಲ್ಲಿದ್ದಾನೆ. ಕಳೆದ ವರ್ಷ ನಮ್ಮ ಮನೆಗೂ ಬಂದಿದ್ದ. ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಫಿನ್‌ಲ್ಯಾಂಡಿನ ಕತೆಯನ್ನು ಅವನಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದೆವು. ತಾಳ್ಮೆಯಿಂದ ಕೇಳಿ, "ಅದು ಗಜ್ಜರಿಯದ್ದು ಭಾಯಿ, ಇದು ದ್ರಾಕ್ಷಿ ಬೀಜದ್ದು" ಎಂದ. ಡಬ್ಬಿಯನ್ನು ತಿರುಗಿಸಿ ನೋಡಿದೆವು. ನಮ್ಮ ದೇಶದ 2016ರ ನಿಯಮದ ಪ್ರಕಾರ ಹಾಕಲೇಬೇಕಾದ ಒಂದು ಸಾಲು, ಔಷಧಿಯಾಗಿ ಬಳಸಲು ಅಲ್ಲ ಎಂಬುದು, ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಅದೊಂದನ್ನು ಮಾತ್ರ ಉರ್ದುವಿಗೆ ತಿರುಗಿಸಿ ಅವನಿಗೆ ಓದಿ ಹೇಳಿದೆವು.